ಖೋ ಎಂದಾಗ ಏಳುವುದು

ಕೆಂಗೇರಿ ಉಪನಗರ
6-5-2007, ಭಾನುವಾರ

ಪ್ರೀತಿಯ ಶೈಲಾಳಿಗೆ ನಿನ್ನ ಅತ್ತೆಯ ಆಶೀರ್ವಾದ.

ಹೇಗಿದ್ದೀಯಮ್ಮ? ಮಸ್ಕತ್ತಿನಲ್ಲಿ ರಸ್ತೆಗೆ ಕಾಲಿಡಲಾಗದಷ್ಟು ಬಿಸಿಲು ಎಂದು ಹೋದ ವಾರ ಹೇಳಿದ್ದೆ. ನೀರು ಸರಿಯಾಗಿ ಕುಡಿಯುತ್ತೀಯಾ? ಆಸ್ಪತ್ರೆಯಲ್ಲಿ ಕಂಡವರಿಗೆಲ್ಲ ನೀರು ಕುಡಿಯಿರಿ ಎಂದು ಹೇಳುವ ನರ್ಸಮ್ಮ ತಾನು ಮಾತ್ರ ಕುಡಿಯುವುದಿಲ್ಲ ಎನ್ನುವುದು ನನಗೆ ಗೊತ್ತು. ರಾತ್ರಿ ಪಾಳಿ ಮುಗಿಸಿ ಬಂದಾಗ ಒಂದು ಬಿಸಿ ರೊಟ್ಟಿಯಾದರೂ ಬಡಿದುಕೋ, ಬ್ರೆಡ್ಡು ಕಚ್ಚಿಕೊಂಡು ಮಲಗಬೇಡ. ನಮ್ಮ ಮನೆಗೆ ಬಂದ ಹೊಸತರಲ್ಲಿ ಮುದ್ದೆ ನೋಡಿ ನೀನು ಮಾಡಿದ ಮುಖ ನೆನೆಸಿಕೊಂಡರೆ ನನಗೆ ಈಗಲೂ ನಗು ಬರುತ್ತದೆ. ಈಗ ನಿನಗೇ ಮುದ್ದೆಯ ಆಸೆಯಂತೆ, ಕವನಾ ಹೇಳಿದಳು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಮಾವನವರ ಬಿ.ಪಿ. ಹತೋಟಿಗೆ ಬಂದಿದೆ, ಬಾಯಿ ಇನ್ನೂ ಬಂದಿಲ್ಲ. ಮಾವಿನಕಾಯಿ ಉಪ್ಪಿನಕಾಯಿ ಹಾಕಿದ್ದೇನೆ. ನಿನ್ನ ಪಾಲನ್ನು ಅವರ ಕೈಗೆ ಸಿಗದ ಅಟ್ಟದ ಮೇಲೆ ಎತ್ತಿಟ್ಟಿದ್ದೇನೆ.

ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತಲ್ಲ, ಕಾಗದ ಯಾಕೆ ಎನ್ನಬೇಡ. ಪ್ರತಿ ಶುಕ್ರವಾರ ನೀನು ಫೋನ್ ಮಾಡಿದಾಗ ಮೊದಲು ಯಶ್ವಂತ, ಆಮೇಲೆ ಕವನಾ, ಆಮೇಲೆ ಮಾವನವರು. ನನ್ನ ಕೈಗೆ ರಿಸೀವರ್ ಬರುವಷ್ಟರಲ್ಲಿ ನಿನ್ನ ಕಾರ್ಡಿನ ದುಡ್ಡು ಮುಗಿದಿರುತ್ತದೆ. ಅದೂ ಅಲ್ಲದೆ, ಅಪ್ಪ ಮಗಳು ಪಕ್ಕದಲ್ಲೇ ನಿಂತಿರುವಾಗ ಹೇಳುವ ವಿಷಯವೂ ಇದಲ್ಲ. ವಿಷಯ ಕವನಾಳದ್ದು. ಗಾಬರಿಯಾಗಬೇಡ, ಮಗು ಗುಂಡುಕಲ್ಲಿನ ಹಾಗಿದೆ. ಹಾಗೆ ಆದದ್ದು ಹೇಗೆ ಎನ್ನುವುದನ್ನೇ ನಿನಗೆ ಹೇಳಬೇಕಾಗಿದೆ. ಅದು ಹಾಗೇ ಉಳಿಯುವುದು ಬಿಡುವುದು ಈಗ ನಿನ್ನ ಕೈಯಲ್ಲಿದೆ. ಆಟಕ್ಕೆ ಹೋಗುತ್ತೇನೆ ಎಂದು ಅವಳು ನಿನಗೆ ಫೋನಿನಲ್ಲಿ ಹೇಳಿರುತ್ತಾಳೆ. ಆದರೆ ಆ ಒಂದು ಮಾತಿನೊಳಗೆ ಏನೇನಿದೆ ಎಂದು ಅಷ್ಟು ದೂರದಿಂದ ನಿನಗೆ ತಿಳಿಯುವುದು ಸಾಧ್ಯವಿಲ್ಲ.

ಹಳೆಯ ಶಾಲೆಯಲ್ಲಿ ನಡೆದದ್ದನ್ನು ನಾನು ಮರೆತಿಲ್ಲ ಶೈಲಾ. ಎರಡನೇ ಕ್ಲಾಸಿನ ಮಗು, ಮಗ್ಗಿ ತಪ್ಪಿತೆಂದು ಬಿಸಿಲಿನಲ್ಲಿ ನಿಲ್ಲಿಸಿದ್ದರು. ತಲೆ ಸುತ್ತಿ ಬಿದ್ದವಳನ್ನು ನೀನು ಡ್ಯೂಟಿಯ ಬಟ್ಟೆಯಲ್ಲೇ ಓಡಿಹೋಗಿ ಎತ್ತಿಕೊಂಡು ಬಂದೆ. ಟೈಮ್ ಟೇಬಲ್ಲಿನ ಪ್ರಕಾರ ಅದು ಆಟದ ಪಿರಿಯಡ್. ಆ ಶಾಲೆಯಲ್ಲಿ ಆಟದ ಪಿರಿಯಡ್ ಎಂದರೆ ಲೆಕ್ಕದ ಟೀಚರು ಬಾಕಿ ಪಾಠ ಮುಗಿಸಿಕೊಳ್ಳುವ ಪಿರಿಯಡ್. ಮಸ್ಕತ್ತಿಗೆ ಹೊರಟ ದಿನ ನೀನು ಏರ್‌ಪೋರ್ಟಿನಲ್ಲಿ ಯಶ್ವಂತನ ಕೈ ಹಿಡಿದುಕೊಂಡು, "ನನ್ ಮಗಳು ಇನ್ನ ಯಾವ ಸಾಲಿ ಮೆಟ್ಟಿಲಾನೂ ಹತ್ತಬಾರದ್ರಿ. ನನಗ ಮಾತು ಕೊಡ್ರಿ" ಎಂದೆ. ಅವನು ಕೊಟ್ಟ. ಕೊಟ್ಟ ಮಾತನ್ನು ಎಷ್ಟು ನಿಷ್ಠೆಯಿಂದ ನಡೆಸಿದ ಎನ್ನುವುದಕ್ಕೆ ನಾನೇ ಸಾಕ್ಷಿ. ಕಟ್ಟಡಗಳ ನಕ್ಷೆ ಬಿಡಿಸುವ ಕೆಲಸವನ್ನೆಲ್ಲ ಮನೆಗೇ ತಂದುಕೊಂಡ. ಬೆಳಿಗ್ಗೆ ದೋಸೆ ಹೆಂಚಿನ ಮುಂದೆ ನಿಂತು, ದೋಸೆ ಕತ್ತರಿಸಿ ಭಿನ್ನರಾಶಿ ಹೇಳಿಕೊಟ್ಟ. ಮಹಡಿ ಮೇಲೆ ಕರೆದುಕೊಂಡು ಹೋಗಿ ಮೋಡಗಳ ಹೆಸರು ಹೇಳಿಕೊಟ್ಟ. ನಮ್ಮ ಬೀದಿಯಲ್ಲಿ ಅವಳಷ್ಟು ಚೆನ್ನಾಗಿ ಓದುವ ಮಗು ಇನ್ನೊಂದಿಲ್ಲ. ಅದರಲ್ಲಿ ಎರಡು ಮಾತಿಲ್ಲ.

ಆದರೆ ನನ್ನ ಮಗರಾಯ ದೈಹಿಕ ಶಿಕ್ಷಣವನ್ನೂ ಟೇಬಲ್ಲಿನ ಮುಂದೆಯೇ ಕೂರಿಸಿ ಕಲಿಸಿದ ಕಣೇ! ಗೋಡೆಗೆ ಅಂಟಿಸಿದ ಟೈಮ್ ಟೇಬಲ್ಲಿನಲ್ಲಿ ಅದಕ್ಕೂ ಒಂದು ಚೌಕ ಇತ್ತು. ಅವೆನ್ಯೂ ರಸ್ತೆಯಿಂದ ಒಂದು ಪುಸ್ತಕ ತಂದಿದ್ದ. ಖೋ ಖೋ ಅಂಗಳದ ಉದ್ದ ಎಷ್ಟು, ಕಂಬದ ಎತ್ತರ ಎಷ್ಟು, ತಂಡದಲ್ಲಿ ಎಷ್ಟು ಜನ, ಯಾವುದು ಫೌಲು, ಎಲ್ಲವೂ ಮಗುವಿಗೆ ಬಾಯಿಪಾಠ. ಅಪ್ಪ ಇಟ್ಟ ಪರೀಕ್ಷೆಯಲ್ಲಿ ನೂರಕ್ಕೆ ನೂರು. ಆದರೆ ಅವಳು ಓಡಿದ್ದನ್ನು ಮಾತ್ರ ಈ ಮನೆಯಲ್ಲಿ ಯಾರೂ ನೋಡಿರಲಿಲ್ಲ, ಯಾಕೆ ಓಡುತ್ತಿಲ್ಲ ಎಂದು ಯಾರೂ ಕೇಳಿಯೂ ಇರಲಿಲ್ಲ. ಬಿದ್ದರೆ ಏಟಾಗುತ್ತದೆ, ಬೀದಿಯಲ್ಲಿ ಗಾಡಿ ಜಾಸ್ತಿ, ಹೀಗೆ ಒಂದೊಂದು ದಿನಕ್ಕೆ ಒಂದೊಂದು ಕಾರಣ. ಮನೆಯೊಳಗೆ ಮಗು ತಣ್ಣಗೆ ಕೂತು ಓದುತ್ತಿದ್ದರೆ ದೊಡ್ಡವರಿಗೆ ಅದಕ್ಕಿಂತ ಇನ್ನೇನು ಬೇಕು?

ನಮ್ಮ ಕಣ್ಣು ತೆರೆದದ್ದು ಕಳೆದ ಶ್ರಾವಣದಲ್ಲಿ, ನಂಜುಂಡಪ್ಪನವರ ಮಗಳ ಮದುವೆಗೆ ಹೋದಾಗ. ವಿಜಯನಗರದ ಛತ್ರ, ಊಟದ ಹಾಲ್ ಎರಡನೇ ಮಹಡಿಯಲ್ಲಿ, ಲಿಫ್ಟು ಕೆಟ್ಟಿತ್ತು. ನನ್ನ ಮಂಡಿಯ ಕಥೆ ನಿನಗೆ ಗೊತ್ತೇ ಇದೆ, ನಾನು ಕಂಬಿ ಹಿಡಿದುಕೊಂಡು ನಿಧಾನವಾಗಿ ಹತ್ತುತ್ತಿದ್ದೆ. ನನಗಿಂತ ಮುಂದೆ ಹೋದ ಕವನಾ ಅರ್ಧದಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಮುಖ ಬಿಳಿಚಿಕೊಂಡಿತ್ತು, ಎದೆ ಹಾರುತ್ತಿತ್ತು. ಅವಳ ವಯಸ್ಸಿನ ಮಕ್ಕಳು ನಮ್ಮಿಬ್ಬರ ಪಕ್ಕದಲ್ಲೇ ಎರಡೆರಡು ಮೆಟ್ಟಿಲು ಹಾರಿಕೊಂಡು ಹೋದರು. ಇಳಿದು ಬರುತ್ತಿದ್ದ ಹೆಂಗಸೊಬ್ಬರು, "ಇದೇನ್ರೀ ವಿಮಲಮ್ಮ, ಅಜ್ಜಿಗೂ ಮೊಮ್ಮಗಳಿಗೂ ಒಂದೇ ವಯಸ್ಸಾ?" ಎಂದು ನಕ್ಕರು. ನಾನೂ ನಕ್ಕೆ, ಆದರೆ ಆ ಮಾತನ್ನು ಅಲ್ಲಿಗೇ ಬಿಡಲಿಲ್ಲ. ಮಾರನೆಯ ದಿನ ಡಾಕ್ಟರಿಗೆ ತೋರಿಸಿದೆವು. ಅವರು ಎದೆ, ರಕ್ತ ಎಲ್ಲ ಪರೀಕ್ಷೆ ಮಾಡಿಸಿ, "ಕಾಯಿಲೆ ಏನೂ ಇಲ್ಲಮ್ಮ. ಆಡಕ್ಕೆ ಬಿಡಿ, ಅಷ್ಟೇ" ಎಂದರು. ಯಶ್ವಂತ ಸಂಜೆ ವಾಯುವಿಹಾರ ಎಂದು ಟೈಮ್ ಟೇಬಲ್ಲಿಗೆ ಇನ್ನೊಂದು ಚೌಕ ಸೇರಿಸಿದ. ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು.

ವಾಯುವಿಹಾರ ಎಂದು ಹೊರಟ ನಾವು ನಮ್ಮ ಉಪನಗರದ ಮೈದಾನದ ಅಂಚಿನಲ್ಲಿ ನಿಂತುಬಿಟ್ಟೆವು. ಪುಟ್ಟಲಕ್ಷ್ಮಿ ಎಂದು ಒಬ್ಬಳು ಪಿ.ಟಿ. ಟೀಚರ್ ಇದ್ದಾಳೆ, ಇಲ್ಲೇ ಕೆಂಗೇರಿಯ ಶಾಲೆಯವಳು. ಸಂಜೆ ಹೊತ್ತು ಬಂದ ಹೆಣ್ಣುಮಕ್ಕಳನ್ನೆಲ್ಲ ಸೇರಿಸಿಕೊಂಡು ಖೋ ಖೋ ಆಡಿಸುತ್ತಾಳೆ. ನಾನು ಅರವತ್ತು ದಾಟಿದವಳು, ಈ ಆಟ ಯಾವಾಗಲಾದರೂ ಕಣ್ಣಿಗೆ ಬಿದ್ದಿದ್ದರೂ ನಿಂತು ನೋಡಿರಲಿಲ್ಲ. ಎರಡು ಕಂಬಗಳ ನಡುವೆ ಎಂಟು ಹುಡುಗಿಯರು ಸಾಲಾಗಿ ಮಂಡಿಯೂರಿ ಕೂತಿದ್ದಾರೆ, ಒಬ್ಬಳ ಮುಖ ಆ ಕಡೆ, ಪಕ್ಕದವಳ ಮುಖ ಈ ಕಡೆ. ಒಂಬತ್ತನೆಯವಳು ಎದುರಾಳಿಯನ್ನು ಅಟ್ಟಿಸಿಕೊಂಡು ಓಡುತ್ತಾಳೆ. ಆದರೆ ಅವಳು ಸಾಲನ್ನು ಅಡ್ಡ ದಾಟುವ ಹಾಗಿಲ್ಲ, ಬಂದ ದಾರಿಯಲ್ಲಿ ತಿರುಗುವ ಹಾಗೂ ಇಲ್ಲ. ಎದುರಾಳಿ ಆ ಕಡೆ ನುಸುಳಿದಳೋ, ಕೂತ ಒಬ್ಬಳ ಬೆನ್ನು ಮುಟ್ಟಿ "ಖೋ" ಎನ್ನುತ್ತಾಳೆ, ತಾನು ಅವಳ ಜಾಗದಲ್ಲಿ ಕೂರುತ್ತಾಳೆ. ಕೂತಿದ್ದವಳು ಆಗಲೇ ಬಾಣದ ಹಾಗೆ ಹೋಗಿ ಆಗಿರುತ್ತದೆ! ಯಾರ ಬಾಯಲ್ಲೂ ಬೇರೆ ಮಾತಿಲ್ಲ. ಒಂದೇ ಓಟ ಒಂದು ಮೈಯಿಂದ ಇನ್ನೊಂದು ಮೈಗೆ ಹಾರಿಹಾರಿ ಹೋಗುತ್ತಿದೆ. ಬರಿಗಾಲು, ಮುಖವೆಲ್ಲ ಧೂಳು, ಜಡೆ ಬಿಚ್ಚಿಹೋದದ್ದು ಯಾರಿಗೂ ಗೊತ್ತಿಲ್ಲ. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಮಕ್ಕಳಿಗೆ ಇಂಥದ್ದೊಂದು ಬರುತ್ತದೆ ಎಂದು ನನಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲವಲ್ಲ ಎನಿಸಿತು. ಪಕ್ಕದಲ್ಲಿ ಕವನಾ ನನ್ನ ಸೆರಗು ಹಿಡಿದುಕೊಂಡು, "ಅಜ್ಜಿ, ಪುಸ್ತಕದಲ್ಲಿ ಇಷ್ಟು ಜೋರಾಗಿ ಇರ್ಲಿಲ್ಲ" ಎಂದಳು.

ಪುಟ್ಟಲಕ್ಷ್ಮಿ ಕರೆದಳು, ಅವಳು ಹೋದಳು. ಮೊದಲ ದಿನದ ಫಜೀತಿ ಕೇಳು. ಕವನಾ ಚೌಕದಲ್ಲಿ ಪುಸ್ತಕದಲ್ಲಿದ್ದ ಹಾಗೆಯೇ ಒಪ್ಪವಾಗಿ ಕೂತಳು. ಹಿಂದಿನಿಂದ ಒಬ್ಬಳು ಬಂದು ಬೆನ್ನು ತಟ್ಟಿ "ಖೋ" ಎಂದಳು. ನಿನ್ನ ಮಗಳು ನಿಧಾನವಾಗಿ ಹಿಂದೆ ತಿರುಗಿ, ಬಂದವಳ ಮುಖ ನೋಡಿ, "ನನಗಾ?" ಎಂದು ಕೇಳಿದಳು! ಮೈದಾನವೇ ನಕ್ಕಿತು. ಎರಡನೆಯ ಸಲವೂ ಅದೇ, ಮೂರನೆಯ ಸಲವೂ ಅದೇ. ಪಾಪ, ಅವಳಿಗೆ ಯಾವತ್ತೂ ಎದುರಿಗೆ ಕೂತ ಅಪ್ಪ ಹೆಸರು ಹಿಡಿದು ಕರೆದೇ ಅಭ್ಯಾಸ. ಯೋಚನೆ ಮಾಡಿ ಆಮೇಲೆ ಹೇಳು ಎಂದು ಅವನು ಕಲಿಸಿದ್ದ. ಬೆನ್ನ ಹಿಂದೆ ಇನ್ನೊಂದು ಮಗು ಇರುತ್ತದೆ ಎನ್ನುವುದೇ ಅವಳ ಮೈಗೆ ಗೊತ್ತಿರಲಿಲ್ಲ. ದಾರಿಯಲ್ಲಿ ಬರುವಾಗ, "ಯಾರು ಅಂತ ನೋಡ್ದೆ ಎದ್ರೆ ತಪ್ಪಾಗಲ್ವಾ ಅಜ್ಜಿ?" ಎಂದಳು. ನಾಳೆಯಿಂದ ಬರುವುದಿಲ್ಲ ಎನ್ನುತ್ತಾಳೆ ಎಂದುಕೊಂಡೆ. ಮಾರನೆಯ ದಿನ ಮೂರೂವರೆಗೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಅವಳ ಆ ಅಭ್ಯಾಸ ಬಿಡಿಸಿದವಳು ಪಾರವ್ವ ಎನ್ನುವ ಹುಡುಗಿ. ನಿನ್ನ ಕಡೆಯವಳೇ, ಬಾಗಲಕೋಟೆ ಜಿಲ್ಲೆಯಂತೆ. ಅಪ್ಪ ಅಮ್ಮ ಇಲ್ಲಿ ಮೈಸೂರು ರಸ್ತೆಯ ಅಪಾರ್ಟ್‌ಮೆಂಟಿನ ಕೆಲಸಕ್ಕೆ ಬಂದವರು. ಪುಟ್ಟಲಕ್ಷ್ಮಿಯ ಶಾಲೆಯಲ್ಲೇ ಓದುತ್ತಾಳೆ. ಅವಳು ಬಾಯಿ ತೆರೆದರೆ ನೀನೇ ಅಡುಗೆಮನೆಯಲ್ಲಿ ನಿಂತು ಮಾತಾಡಿದ ಹಾಗಾಗುತ್ತದೆ. ಒಂದು ದಿನ ಕವನಾ ಮತ್ತೆ ತಿರುಗಿ ನೋಡಿದಳೋ, ಪಾರವ್ವ ಸೊಂಟಕ್ಕೆ ಕೈಯಿಟ್ಟುಕೊಂಡು, "ಏ ಹುಚ್ಚಿ, ಹಿಂದ ಏನ್ ನೋಡ್ತಿ? ಹಿಂದ ನಾ ಅದೀನಿ. ನೀ ಮುಂದ ನೋಡು" ಎಂದು ಬೈದಳು. ಕವನಾ ಏನು ತಿಳಿದುಕೊಂಡಳೋ, ಮುಂದಿನ ಖೋಗೆ ತಿರುಗದೆ ಎದ್ದಳು. ಎದ್ದು ಎರಡು ಹೆಜ್ಜೆ ಓಡಿ ಮುಗ್ಗರಿಸಿ ಬಿದ್ದಳು. ನಾನು ಅಯ್ಯೋ ಎಂದು ಕೂಗಿ ಓಡಿದೆ, ಆ ಮಂಡಿಯಲ್ಲೂ! ನಾನು ಹೋಗುವಷ್ಟರಲ್ಲಿ ಅವಳು ಎದ್ದಿದ್ದಳು, ಮಂಡಿಯಲ್ಲಿ ರಕ್ತ, ಮುಖದಲ್ಲಿ ನಗು. ಬಿದ್ದು ನಗುವ ಕವನಾಳನ್ನು ನಾನು ಅದೇ ಮೊದಲು ನೋಡಿದ್ದು.

ತರಚಿದ ಮಂಡಿ ನೋಡಿ ಯಶ್ವಂತನಿಗೆ ವಿಷಯ ಗೊತ್ತಾಯಿತು. ಬೈಯುತ್ತಾನೆ ಎಂದು ಕಾದೆ. ಅವನು ಬೈಯಲಿಲ್ಲ, ಇನ್ನೂ ದೊಡ್ಡ ಕೆಲಸ ಮಾಡಿದ. ದೊಡ್ಡ ಹಾಳೆಯಲ್ಲಿ ಮೈದಾನದ ನಕ್ಷೆ ಬಿಡಿಸಿ, ಯಾವ ಚೌಕದಿಂದ ಎದ್ದರೆ ಯಾವ ಕಡೆ ಓಡುವುದು ಲಾಭ ಎಂದು ಕೆಂಪು ನೀಲಿ ಬಾಣ ಹಾಕಿ, ಮಗಳನ್ನು ಕೂರಿಸಿಕೊಂಡು ಪಾಠ ಮಾಡಿದ. ಮಾರನೆಯ ದಿನ ಬೆನ್ನ ಮೇಲೆ ಖೋ ಬಿದ್ದರೂ ಇವಳು ಅಲುಗಾಡುತ್ತಿಲ್ಲ. ಪುಟ್ಟಲಕ್ಷ್ಮಿ ವಿಷಲ್ ಊದಿ, "ಏನೇ ಕವನಾ, ಕೂತ್ಕೊಂಡೇ ನಿದ್ದೆನಾ?" ಎಂದಳು. "ಇಲ್ಲ ಮಿಸ್, ಮೂರನೇ ಬಾಣ ನೆನಪು ಮಾಡ್ಕೋತಿದ್ದೆ!" ಪುಟ್ಟಲಕ್ಷ್ಮಿ ನಕ್ಕು ನಕ್ಕು ನೆಲದ ಮೇಲೆ ಕೂತಳು. "ನಿಮ್ಮಪ್ಪನ್ನೂ ಕರ್ಕೊಂಡ್ ಬಾರೇ ಒಂದಿನ" ಎಂದು ಹೇಳಿ ಕಳಿಸಿದಳು.

ಅವನು ಬಂದ. ಪ್ಯಾಂಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು, ಕಾಂಪೌಂಡಿನ ಪಕ್ಕ ಪರೀಕ್ಷೆ ಮಾಡುವವನ ಹಾಗೆ ನಿಂತ. ಆ ಹೊತ್ತಿಗೆ ದಸರಾ ಕಳೆದಿತ್ತು, ಮಗಳ ಕಾಲು ಪಳಗಿತ್ತು. ಅವತ್ತು ಪಾರವ್ವ ಎದುರು ಪಕ್ಷ. ಅವಳನ್ನು ಮುಟ್ಟುವುದು ಸುಲಭವಲ್ಲ, ಸಾಲಿನ ಸಂದಿಯಲ್ಲಿ ಅತ್ತ ಇತ್ತ ನುಸುಳಿ ಎಲ್ಲರನ್ನೂ ಆಟ ಆಡಿಸುತ್ತಿದ್ದಳು. ಖೋ, ಖೋ, ಖೋ ಎಂದು ಸಾಲು ಎದ್ದು ಕೂತು ಎದ್ದು ಕೂತು, ಕೊನೆಗೆ ಕವನಾಳ ಬೆನ್ನಿಗೆ ಕೈ ಬಿತ್ತು. ಅವಳು ಹಿಂದೆ ನೋಡಲಿಲ್ಲ. ಯಾವ ಬಾಣವೂ ಅವಳ ತಲೆಯಲ್ಲಿ ಇದ್ದ ಹಾಗೆ ಕಾಣಲಿಲ್ಲ. ಎದ್ದದ್ದೇ ನಮಗೆ ಕಾಣಿಸಲಿಲ್ಲ ಶೈಲಾ, ಓಡುತ್ತಿದ್ದದ್ದು ಮಾತ್ರ ಕಾಣಿಸಿತು. ಪಾರವ್ವ ಕಂಬದ ಹತ್ತಿರ ತಪ್ಪಿಸಿಕೊಳ್ಳುವಷ್ಟರಲ್ಲಿ ಇವಳು ಕಂಬಕ್ಕೆ ಒಂದು ಕೈ ಕೊಟ್ಟು, ಮೈಯನ್ನೆಲ್ಲ ಗಾಳಿಗೆ ಬಿಟ್ಟು, ಇನ್ನೊಂದು ಕೈಯಲ್ಲಿ ಅವಳ ಹಿಮ್ಮಡಿ ಮುಟ್ಟಿದಳು. ಇಬ್ಬರೂ ಧೂಳಿನಲ್ಲಿ ಉರುಳಿದರು. ಛತ್ರದ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ ಕೂತ ಮಗುವೇ ಇದು? ಈ ಕಾಲು, ಈ ಉಸಿರು, ಈ ಧೈರ್ಯ ಇಷ್ಟು ದಿನ ನಮ್ಮ ಮನೆಯಲ್ಲೇ, ನಮ್ಮ ಟೇಬಲ್ಲಿನ ಪಕ್ಕದಲ್ಲೇ ಸುಮ್ಮನೆ ಕೂತಿತ್ತೇ? ಸೆರಗಿನಿಂದ ಕಣ್ಣೊರೆಸಿಕೊಂಡೆ. ಯಶ್ವಂತನ ಕಡೆ ನೋಡಿದೆ. ಅವನ ಕೈ ಜೇಬಿನಿಂದ ಹೊರಗೆ ಬಂದು ತಲೆಯ ಮೇಲೆ ಕೂತಿತ್ತು. "ಅಮ್ಮಾ, ಇದನ್ನ ನಾನು ಕಲಿಸಿಲ್ಲ ಕಣಮ್ಮ" ಎಂದ. ಮಾರನೆಯ ದಿನ ಗೋಡೆಯ ಟೈಮ್ ಟೇಬಲ್ಲಿನಲ್ಲಿ ದೈಹಿಕ ಶಿಕ್ಷಣ ಎಂಬುದನ್ನು ಹೊಡೆದುಹಾಕಿ ಮೈದಾನ ಎಂದು ಬರೆದಿದ್ದ.

ಆಮೇಲಿನ ಕವನಾಳನ್ನು ನೀನು ನೋಡಬೇಕು. ಊಟಕ್ಕೆ ಕರೆಯಬೇಕಾಗಿಲ್ಲ, ಅವಳೇ ತಟ್ಟೆ ಇಟ್ಟುಕೊಂಡು ಕೂಗುತ್ತಾಳೆ. ಹಾಸಿಗೆಗೆ ತಲೆ ಕೊಟ್ಟರೆ ನಿದ್ದೆ. ಮೊದಲು ಒಂದು ಲೆಕ್ಕ ತಪ್ಪಿದರೆ ಹಳೆಯ ಭಯಕ್ಕೆ ಪುಸ್ತಕವನ್ನೇ ಮುಚ್ಚಿಬಿಡುತ್ತಿದ್ದಳಲ್ಲ, ಈಗ ತಪ್ಪಿದರೆ ಅಳಿಸಿ ಇನ್ನೊಂದು ಸಲ ಮಾಡುತ್ತಾಳೆ. ದಿನಾ ಸಂಜೆ ಔಟಾಗಿ ಬರುವವಳಿಗೆ ಒಂದು ಲೆಕ್ಕ ತಪ್ಪುವುದು ಯಾವ ಮಹಾ? ಜಗಳವಾಡುವುದನ್ನೂ ಕಲಿತಿದ್ದಾಳೆ. ಪಾರವ್ವನ ಜೊತೆ ಮೂರು ದಿನ ಮಾತು ಬಿಟ್ಟಿದ್ದಳು, ನಾಲ್ಕನೆಯ ದಿನ ಇಬ್ಬರೂ ಒಂದೇ ಕಡಲೆಕಾಯಿ ಪೊಟ್ಟಣಕ್ಕೆ ಕೈ ಹಾಕಿಕೊಂಡು ಬಂದರು. ಮುನಿಸಿಕೊಳ್ಳುವುದಕ್ಕೂ ರಾಜಿಯಾಗುವುದಕ್ಕೂ ಸಮವಯಸ್ಕರು ಬೇಕಲ್ಲ, ಅಜ್ಜ ಅಜ್ಜಿಯ ಜೊತೆ ಎಷ್ಟೆಂದು ಮುನಿಸಿಕೊಂಡಾರು? ಯಶ್ವಂತನ ಪಾಠದಲ್ಲಿ ಕೊರತೆ ಇತ್ತು ಎಂದು ನಾನು ಹೇಳುತ್ತಿಲ್ಲ. ಒಬ್ಬನೇ ಅಪ್ಪ ಎಂಟು ಜನ ಆಗುವುದಕ್ಕೆ ಆಗುವುದಿಲ್ಲ, ಅಷ್ಟೇ.

ಈಗ ಫೆಬ್ರವರಿಯ ವಿಷಯ. ಸುತ್ತಮುತ್ತಲಿನ ಶಾಲೆಗಳ ನಡುವೆ ಖೋ ಖೋ ಪಂದ್ಯ ಇಟ್ಟಿದ್ದರು. ಪುಟ್ಟಲಕ್ಷ್ಮಿ ತಂಡ ಮಾಡಿದಳು, ಅದರಲ್ಲಿ ಕವನಾ ಇರಲಿಲ್ಲ. ಯಶ್ವಂತ ಹೋಗಿ ಕೇಳಿದ. "ರೂಲ್ಸ್ ಸಾರ್. ಶಾಲೆ ಹೆಸ್ರಿಲ್ದೆ ಇಳಿಸೋಕಾಗಲ್ಲ. ನನ್ಗೂ ಹೊಟ್ಟೆ ಉರಿಯತ್ತೆ" ಎಂದಳು. ಪಂದ್ಯದ ದಿನ ಕವನಾ ನಮಗಿಂತ ಮೊದಲು ಹೊರಟು ನಿಂತಳು. ಅಂಗಳದ ಗೆರೆಯ ಆಚೆ, ತಂಡದವರ ಚಪ್ಪಲಿ, ನೀರಿನ ಬಾಟಲಿಗಳನ್ನು ಕಾಯುತ್ತ ಮಂಡಿಯೂರಿ ಕೂತಿದ್ದಳು. ಒಳಗೆ ಒಬ್ಬೊಬ್ಬರ ಬೆನ್ನಿಗೆ ಖೋ ಬಿದ್ದಾಗಲೂ ಹೊರಗೆ ಇವಳ ಹಿಮ್ಮಡಿ ನೆಲದಿಂದ ಏಳುತ್ತಿತ್ತು, ಮತ್ತೆ ಕೂರುತ್ತಿತ್ತು. ಅದನ್ನು ನಾನು ನೋಡಿದೆ, ಯಶ್ವಂತನೂ ನೋಡಿದ. ನಮ್ಮವರು ಗೆದ್ದರು. ಇವಳು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಳು. ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ. ಅಪ್ಪ ಏನಾಯಿತೆಂದು ಕೇಳಿದ್ದಕ್ಕೆ, "ಏನಿಲ್ಲಪ್ಪ, ಗಂಟಲು ನೋವು" ಎಂದಳು. ಅವತ್ತಿನಿಂದ ಇವತ್ತಿನವರೆಗೆ ಅವಳ ಬಾಯಲ್ಲಿ ಶಾಲೆ ಎನ್ನುವ ಮಾತು ಬಂದಿಲ್ಲ. ಅವನ ಬಾಯಲ್ಲೂ ಬಂದಿಲ್ಲ.

ನಾನು ಸುಮ್ಮನಿರುವವಳೇ? ಪುಟ್ಟಲಕ್ಷ್ಮಿಯ ಶಾಲೆಗೆ ಒಂದು ದಿನ ನಾನೇ ಹೋಗಿ ನೋಡಿಕೊಂಡು ಬಂದೆ. ಹೆಡ್‌ಮಾಸ್ಟರ್ ಪದ್ಮನಾಭಯ್ಯನವರು ಕೂರಿಸಿ ಮಾತಾಡಿಸಿದರು. ಯಾವ ಮಗುವೂ ಹೊರಗೆ ನಿಂತಿರಲಿಲ್ಲ. ಲೆಕ್ಕದ ಮೇಷ್ಟ್ರೊಬ್ಬರು ಬಂದು ಆಟದ ಪಿರಿಯಡ್ ಕೇಳಿದರು, ಅದೂ ನನ್ನೆದುರಿಗೇ. ಪುಟ್ಟಲಕ್ಷ್ಮಿ ಬಾಗಿಲಿಗೆ ಅಡ್ಡ ನಿಂತು, "ನನ್ ಪಿರಿಯಡ್ ಯಾರಿಗೂ ಕೊಡಲ್ಲ ಸಾರ್. ಕೇಳ್ಬೇಡಿ, ಬೇಜಾರ್ ಮಾಡ್ಕೋಬೇಡಿ" ಎಂದಳು. ಮಕ್ಕಳು ಹೋ ಎಂದು ಮೈದಾನಕ್ಕೆ ನುಗ್ಗಿದರು. ನಿನ್ನ ಕೋಪ ನ್ಯಾಯವಾದದ್ದೇ ತಾಯಿ. ಆದರೆ ನೀನು ಕೋಪ ಮಾಡಿಕೊಂಡದ್ದು ಬೇರೆ ಶಾಲೆಯ ಮೇಲೆ. ಅವತ್ತು ಬಿಸಿಲಿನಲ್ಲಿ ಬಿದ್ದ ಮಗು ಇವತ್ತು ಅದೇ ಬಿಸಿಲಿನಲ್ಲಿ ಓಡುತ್ತಿದೆ, ಬಿದ್ದರೆ ತಾನೇ ಏಳುತ್ತದೆ.

ಇನ್ನೇನು ಬರೆಯಲಿ? ಸಂಜೆ ಮೋಡ ಕವಿಯುತ್ತಿದೆ, ಒಣಹಾಕಿದ ಸಂಡಿಗೆ ಎತ್ತಬೇಕು. ಮಾವನವರು ಹರಸಿದ್ದಾರೆ, ಚಿನ್ನದ ರೇಟು ಅಲ್ಲಿ ಎಷ್ಟು ಎಂದು ಕೇಳಿದ್ದಾರೆ, ಅದಕ್ಕೆ ನೀನು ಉತ್ತರ ಬರೆಯಬೇಕಾಗಿಲ್ಲ. ಕವನಾ ಒಂದು ಮುತ್ತು ಕಳಿಸಿದ್ದಾಳೆ. ನಿನ್ನ ಕೈಗುಣ ಹೆಚ್ಚಲಿ, ಮೈ ಗಟ್ಟಿಯಾಗಿರಲಿ, ನಮ್ಮೆಲ್ಲರ ಆಯಸ್ಸು ನಿನಗಿರಲಿ.

ಇಂತಿ ನಿನ್ನ ಅತ್ತೆ,
ವಿಮಲಮ್ಮ

ತಾ.ಕ.: ಯಶ್ವಂತ ಹಾಲು ತರಲು ಹೋಗಿದ್ದಾನೆ, ಬರುವಷ್ಟರಲ್ಲಿ ಇದೊಂದು ಬರೆದು ಅಂಟಿಸುತ್ತೇನೆ. ಬೆಳಿಗ್ಗೆ ಅವನ ನಕ್ಷೆಗಳ ಬೀರು ಒರೆಸುವಾಗ ಸುರುಳಿಗಳ ಹಿಂದೆ ಒಂದು ರಟ್ಟಿನ ಡಬ್ಬಿ ಸಿಕ್ಕಿತು. ಒಳ್ಳೆ ಕಳ್ಳಮಾಲಿನ ಹಾಗೆ ಬಟ್ಟೆ ಸುತ್ತಿ ಇಟ್ಟಿದ್ದಾನೆ. ತೆರೆದರೆ ಕವನಾಳ ಅಳತೆಯ ಬಿಳಿ ಕ್ಯಾನ್ವಾಸ್ ಶೂ. ಖೋ ಖೋವನ್ನು ಇಲ್ಲಿ ಬರಿಗಾಲಲ್ಲಿ ಆಡುತ್ತಾರೆ, ಅದು ಅವನಿಗೂ ಗೊತ್ತು. ಬಿಳಿ ಕ್ಯಾನ್ವಾಸ್ ಶೂ ಬೇಕಾಗುವುದು ಶನಿವಾರ ಬೆಳಿಗ್ಗೆ ಶಾಲೆಯಲ್ಲಿ ಡ್ರಿಲ್ಲಿಗೆ ನಿಲ್ಲುವ ಮಕ್ಕಳಿಗೆ. ಕೊಂಡು ತಂದು ಬಚ್ಚಿಟ್ಟುಕೊಂಡು ಕೂತಿದ್ದಾನೆ ಶೈಲಾ. ನಿನಗೆ ಕೊಟ್ಟ ಮಾತನ್ನು ಮುರಿಯಲಾರ, ಅದರಿಂದ ಬಿಡಿಸು ಎಂದು ನಿನ್ನನ್ನು ಕೇಳಲೂ ಆರ. ಮಗಳೂ ಕೇಳುವುದಿಲ್ಲ, ಅಪ್ಪನ ಪಾಠ ಸಾಲದು ಎಂದ ಹಾಗಾಗುತ್ತದಲ್ಲ ಎಂದು ಅದಕ್ಕೆ ಸಂಕಟ. ಶಾಲೆ ಜೂನ್ ಒಂದಕ್ಕೆ ತೆರೆಯುತ್ತದೆ. ಕಾಗದ ತಲುಪಿದ ಶುಕ್ರವಾರ ನೀನೇ ಮೊದಲು ಶಾಲೆಯ ಮಾತು ಎತ್ತಿ, ನನ್ನ ಮಗನನ್ನು ಬಿಡಿಸು.